ಕೆಂಪು ಕಾರಿಗೆ ಎಂಜಿನ್ ನೋಡಿದ್ದು

ಮೆಕ್ಯಾನಿಕ್‌ನ ಮನೆಗೆ ಚೆಂದಾಗಿ ಓಡುವ ಗಾಡಿ ಯಾವತ್ತೂ ಬರುವುದಿಲ್ಲ. ಓಡುವ ಗಾಡಿಯವರು ಮನೆ ಮುಂದೆ ಹಾರ್ನ್ ಹೊಡೆದು ಹೋಗಿಬಿಡುತ್ತಾರೆ, ಕೆಟ್ಟ ಗಾಡಿಯವರು ಒಳಗೆ ಬಂದು ಚಹಾ ಕೇಳುತ್ತಾರೆ. ಮದುವೆಯಾಗಿ ಅಫಜಲಪುರಕ್ಕೆ ಬಂದ ಏಳು ವರ್ಷದಲ್ಲಿ ನಾನು ಕಂಡದ್ದೆಲ್ಲ ಕೆಟ್ಟದ್ದೇ. ಗಾಡಿಗಳ ಮಾತು ಹೇಳುತ್ತಿದ್ದೇನೆ, ಗಂಡನ ಮಾತಲ್ಲ. ಅವರು ಒಳ್ಳೆಯವರು. ಅದೇ ತೊಂದರೆ. ಎದುರಿಗೆ ನಿಂತವನು ಏನು ಹೇಳಿದರೂ ನಂಬುತ್ತಾರೆ. ಹೀಗಾಗಿ ವಾರಕ್ಕೊಂದು ಪ್ರಸಂಗ ತಾನಾಗಿಯೇ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತದೆ. ಈ ವರ್ಷ ಬಂದು ನಿಂತದ್ದು ಒಂದು ಕೆಂಪು ಕಾರು.

೧. ಕೋಳಿ ಸಮೇತ

ನಮ್ಮ ಮನೆ ಮುಂದೆ ಒಂದು ತಗಡಿನ ಶೆಡ್ ಇದೆ. ಅದರಲ್ಲಿ ಜೋಳದ ರೊಟ್ಟಿ ಮಾಡಿ ಮಾರಬೇಕೆಂದು ಎರಡು ವರ್ಷದಿಂದ ಹಟ ಹಿಡಿದಿದ್ದೆ. ಓಣಿಯ ಇಬ್ಬರು ಹೆಂಗಸರು ಕೈಜೋಡಿಸುತ್ತೇವೆ ಅಂದಿದ್ದರು. ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯವರು ದಿನಾ ರೊಟ್ಟಿ ತೆಗೆದುಕೊಳ್ಳಲು ಒಪ್ಪಿದ್ದರು. ಆದರೆ ಒಂದು ಮಾತು ಹೇಳಿದ್ದರು: "ಶ್ರಾವಣ ಹತ್ತೂದ್ರಾಗ ಒಲಿ ಹಚ್ಚಬೇಕು ನೋಡವ್ವ. ಇಲ್ಲಂದ್ರ ನಾ ಬ್ಯಾರೆಯವರಿಗೆ ಹೇಳಾಂವ."

ಯುಗಾದಿ ಮುಗಿದ ಮರುದಿನವೇ ಶೆಡ್ಡಿಗೆ ಸುಣ್ಣ ಬಳಿದೆ. ಸುಣ್ಣ ಆರುವುದರೊಳಗೆ ಇಜೇರಿಯ ಸಾವ್ಕಾರರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಆ ಕಾರನ್ನು ಎಳೆಸಿಕೊಂಡು ಬಂದರು.

ಎರಡೇ ಸೀಟು. ಮೇಲೆ ಛತ್ತಿಲ್ಲ. ಮೂತಿ ಮಾತ್ರ ಅರ್ಧ ಓಣಿಯಷ್ಟು ಉದ್ದ. ಸಾವ್ಕಾರರ ಮುತ್ಯಾ, ಅಂದರೆ ಅಜ್ಜ, ಒಂದು ಕಾಲಕ್ಕೆ ಹೈದರಾಬಾದಿನಿಂದ ತಂದ ವಿಲಾಯತಿ ಸ್ಪೋರ್ಟ್ಸ್ ಕಾರಂತೆ. ನಲವತ್ತು ವರ್ಷ ಹೊಟ್ಟಿನ ಕೋಣೆಯಲ್ಲಿ ನಿಂತಿತ್ತು. ಈಗ ಅದರ ನೆನಪು ಬರಲು ಕಾರಣ ಸಾವ್ಕಾರರ ಬೀಗರು. ಸೊಲ್ಲಾಪುರದ ಆ ಬೀಗರು ಹೊಸದೊಂದು ದೊಡ್ಡ ಗಾಡಿ ತೆಗೆದುಕೊಂಡಿದ್ದಾರೆ, ಬಂದಾಗಲೆಲ್ಲ ಅದರದ್ದೇ ಮಾತು. ನಾಗರ ಪಂಚಮಿಗೆ ಸಾವ್ಕಾರರ ಮಗಳನ್ನು ತವರಿಗೆ ಬಿಡಲು ಮತ್ತೆ ಬರುತ್ತಾರೆ. ಅಷ್ಟರೊಳಗೆ ಈ ಕಾರು ಓಡಿ ಬೀಗರ ಬಾಯಿ ಮುಚ್ಚಬೇಕು.

"ಜೀಪಿನ ಎಂಜಿನ್ ಕೂಡಿಸಿಬಿಡೂಣೇನ್ರಿ?" ಅಂದರು ನಮ್ಮವರು.

"ಹುಚ್ಚದೀಯೇನ್ ತಮ್ಮಾ? ನಮ್ಮ ಬೀಗರು ಬಂದಕೂಡಲೇ ಬಾನೆಟ್ ಎತ್ತಿ ನೋಡಾವ್ರು. ಹಳೇದಾದ್ರೂ ಅಡ್ಡಿ ಇಲ್ಲ, ಅದೇ ಜಾತಿ ಎಂಜಿನ್ ಆಗಬೇಕು. ಭರೋಸಾದ ಕಡಿಂದ ತಾ."

ಜೇವರ್ಗಿಯ ದೊಡ್ಡ ಗ್ಯಾರೇಜಿನವರೆಲ್ಲ ಆಗುವುದಿಲ್ಲ ಅಂದಿದ್ದರು. ನಮ್ಮವರಿಗೆ ಆ ಶಬ್ದವೇ ಬರುವುದಿಲ್ಲ. "ಆಗತದ ತಗೋರಿ" ಅಂದುಬಿಟ್ಟರು.

"ಹಂಗಾದ್ರ ಗ್ಯಾರೇಜಿಗೆ ಒಯ್ಯರಿ. ನನ್ನ ಶೆಡ್ಡಿನಾಗ ಯಾಕ?" ಅಂದೆ.

"ಗ್ಯಾರೇಜಿನಾಗ ಮಂದಿ ಕೈ ಹಚ್ಚತಾರವ್ವ," ಅಂದರು ಸಾವ್ಕಾರರು. "ಎಳಸ್ಕೊಂಡು ಬಂದು ಮಾನ ಹೋಗಿದ್ದು ಇದೊಂದು ಸಲ ಸಾಕು. ಇನ್ನ ಇದು ಇಲ್ಲಿಂದ ಹೊಂಟ್ರ ತನ್ನ ಎಂಜಿನ್ ಮ್ಯಾಲೇ ಹೊಂಡಬೇಕು."

ಅಂದರೆ ಎಂಜಿನ್ ಸಿಗುವ ತನಕ ನನ್ನ ಒಲೆ ಹತ್ತುವಂತಿಲ್ಲ.

ನಮ್ಮವರು ಬಾನೆಟ್ ಎತ್ತಿದರು. ಎಂಜಿನ್ ಇರಬೇಕಾದ ಕಡೆ ಒಂದು ಕೋಳಿ ಕೂತಿತ್ತು. ಅದರ ಕೆಳಗೆ ಒಂಬತ್ತು ತತ್ತಿ. ಇಜೇರಿಯಿಂದ ಅಫಜಲಪುರದ ತನಕ ಗುಂಡಿ ಗುಂಡಿ ಹಾರಿಸಿಕೊಂಡು ಬಂದರೂ ಅದು ಎದ್ದಿರಲಿಲ್ಲ.

"ನಮ್ಮದಲ್ಲವ್ವ," ಅಂದರು ಸಾವ್ಕಾರರು ಗಾಬರಿಯಿಂದ. "ನಮ್ಮನ್ಯಾಗ ಕೋಳಿ ಸಾಕಂಗಿಲ್ಲ. ಆಳಮಗಂದು."

"ಮತ್ತ ಎಂಜಿನ್ ಎಲ್ಲದ್ರಿ?"

"ಮುತ್ಯಾ ಕಿತ್ತಿ ಬಾವಿಗೆ ಹಚ್ಚಿದ್ದ. ಬಾವಿ ಬತ್ತಿತು. ಎಂಜಿನ್ ಯಾರು ಒಯ್ದರೋ ಗೊತ್ತಿಲ್ಲ."

ಕಾವಿಗೆ ಕೂತದ್ದನ್ನು ಎಬ್ಬಿಸಿದರೆ ಪಾಪ ಬರುತ್ತದೆ ಎಂದು ನಮ್ಮತ್ತೆ ಬಾನೆಟ್ ಮುಚ್ಚಿಸಿದರು. ಹೀಗೆ ಕಾರು ರಿಪೇರಿಗೆಂದು ಬಂತು, ಮೊದಲ ಹದಿನಾರು ದಿನ ನಾನು ಅದರ ಬಾಣಂತನ ಮಾಡಿದೆ.

೨. ನಜರಾಗುವ ಮಾಲು

ಮರಿಗಳು ಆಳಮಗನ ಮನೆಗೆ ಹೋದ ಮೇಲೆ ಹುಡುಕಾಟ ಶುರುವಾಯಿತು. ಆಳಂದದಲ್ಲಿ ಒಬ್ಬ ಗುಜರಿ ಅಂಗಡಿಯವನ ಹತ್ತಿರ ಅಂಥದ್ದೇ ಎಂಜಿನ್ ಇದೆ ಎಂದು ಯಾರೋ ಹೇಳಿದರು. ನಮ್ಮವರನ್ನು ಒಬ್ಬರನ್ನೇ ಕಳಿಸಿದರೆ ಇಡೀ ಅಂಗಡಿಯನ್ನೇ ನಂಬಿಕೊಂಡು ಬರುತ್ತಾರೆಂದು ನಾನೂ ಮಗಳನ್ನು ಬಗಲಲ್ಲಿ ಎತ್ತಿಕೊಂಡು ಬಸ್ ಹತ್ತಿದೆ.

ಅಂಗಡಿಯವನು ನಮ್ಮನ್ನು ಒಳಕೋಣೆಗೆ ಕರೆದೊಯ್ದ. ಅಲ್ಲಿ ಗೋಣಿ ತಟ್ಟು ಸುತ್ತಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಊದಿನಕಡ್ಡಿ ಹಚ್ಚಿಟ್ಟ ಒಂದು ದೊಡ್ಡ ಗಂಟು.

"ಇದೇ ನೋಡ್ರಿ. ಇಡೀ ಜಿಲ್ಲಾದಾಗ ಒಂದೇ ಪೀಸ್."

"ಬಿಚ್ಚಿ ತೋರ್ಸರಿ," ಅಂದೆ.

"ಬಿಚ್ಚಾಕ ಬರಂಗಿಲ್ಲರಿ ಅಕ್ಕಾರ. ನಜರಾಗತದ. ಹೋದ ತಿಂಗಳು ಒಬ್ಬಾಂವ ನೋಡಿ ವಾಹ್ ಅಂದ, ಅವತ್ತೇ ಒಂದು ನಟ್ ಉದುರಿತು."

ನಮ್ಮವರು ತಲೆಯಾಡಿಸಿದರು. ಉದುರಿದ ನಟ್ಟಿನ ಬಗ್ಗೆ ಅವರಿಗೆ ಆಗಲೇ ಮರುಕ ಹುಟ್ಟಿತ್ತು.

"ಕಣ್ಣಿಲೆ ನೋಡದೇ ಒಯ್ಯಬೇಕೇನ್ರಿ?"

"ಲಗ್ನಕ್ಕಿಂತ ಮೊದಲ ನಿಮ್ಮನ್ನ ನಿಮ್ಮ ಯಜಮಾನ್ರು ಎಷ್ಟೊತ್ತು ನೋಡಿದ್ರು ಹೇಳ್ರಿ ಅಕ್ಕಾರ."

"ಕಾಲು ತಾಸು. ಅದರಾಗ ಅರ್ಧ ಹೊತ್ತು ತಾಟಿನಾಗಿನ ಚೂಡಾ ನೋಡಿದ್ರು."

ನಾವು ಹೀಗೆ ವಾದ ಮಾಡುತ್ತಿದ್ದಾಗ ಮಗಳು ಸುಮ್ಮನೆ ಗೋಣಿಯೊಳಗೆ ಕೈ ತೂರಿಸಿದ್ದಳು. ಹೊರಗೆ ತೆಗೆದರೆ ಮೊಣಕೈ ತನಕ ಬೆಳ್ಳಿ ಬಣ್ಣ. ಅದೇ ಕೈಯಿಂದ ಅಪ್ಪನ ಅಂಗಿ ಹಿಡಿದಳು, ಎದೆಯ ಮೇಲೆ ಐದು ಬೆಳ್ಳಿ ಬೆರಳು ಮೂಡಿದವು. ನಾನು ಗೋಣಿ ಜಗ್ಗಿದೆ. ಒಳಗಿದ್ದದ್ದು ಬೋರ್‌ವೆಲ್ಲಿನ ಮೋಟಾರು. ಬಣ್ಣ ಇನ್ನೂ ಹಸಿ.

"ಇದು ಬೋರಿನ ಮೋಟಾರ್ ಅದ."

ಅವನು ಒಂಚೂರೂ ನಾಚಲಿಲ್ಲ. ದುಃಖದಿಂದ ಗೋಣಿಯನ್ನು ಮತ್ತೆ ಹೊದಿಸಿದ.

"ಬಿಚ್ಚಿದ್ರ ಕೆಡತದ ಅಂತ ನಾ ಹೇಳಿದ್ದೆನೋ ಇಲ್ಲೋ? ಈಗ ನೋಡ್ರಿ, ಎಂಜಿನ್ ಇದ್ದದ್ದು ಮೋಟಾರ್ ಆತು."

೩. ಅಲುಗದ ಚಹಾ

ಎರಡನೆಯವನು ಮೊಬೈಲಿನಲ್ಲಿ ಸಿಕ್ಕ. ಭೂಸನೂರ ಕಡೆಯವನೆಂದು ಹೇಳಿಕೊಂಡ. ದಿನಕ್ಕೊಂದು ವಿಡಿಯೋ ಕಳಿಸುತ್ತಿದ್ದ. ವಿಡಿಯೋದಲ್ಲಿ ಎಂಜಿನ್ ಗುಡುಗುತ್ತಿತ್ತು. ನಮ್ಮವರು ಊಟಕ್ಕೆ ಕೂತಾಗ ಅದನ್ನೇ ಹಚ್ಚಿಕೊಂಡು ರೊಟ್ಟಿ ಮುರಿಯುತ್ತಿದ್ದರು. ಆ ಸದ್ದಿಗೆ ನಮ್ಮತ್ತೆ ಯಾರೋ ಬಂದರೆಂದು ತಿಳಿದು ಪ್ರತಿ ಸಲವೂ ತಂಬಿಗೆ ನೀರು ಹಿಡಿದು ಬಾಗಿಲಿಗೆ ಹೋಗಿ ಬರುತ್ತಿದ್ದರು.

ಮೂರನೆಯ ದಿನ ನಾನು ಸರಿಯಾಗಿ ನೋಡಿದೆ. ಎಂಜಿನ್ ಮೇಲೆ ಒಂದು ಚಹಾ ಗ್ಲಾಸ್ ಇಟ್ಟಿತ್ತು. ಎಂಜಿನ್ ಅಷ್ಟು ಒದರುತ್ತಿದ್ದರೂ ಚಹಾದ ಮೇಲಿನ ಕೆನೆ ಅಲುಗುತ್ತಿರಲಿಲ್ಲ.

"ಅವಂಗ ವಿಡಿಯೋ ಕಾಲ್ ಹಚ್ಚರಿ," ಅಂದೆ.

ಹಚ್ಚಿದರು. ಅವನು ನಗುತ್ತ ಕ್ಯಾಮೆರಾ ತಿರುಗಿಸಿದ. ಅದೇ ಎಂಜಿನ್, ಅದೇ ಗುಡುಗು, ಅದೇ ಚಹಾ.

"ಅಣ್ಣಾರ, ಎಂಜಿನ್ ಇಷ್ಟು ಜೋರ್ ಓಡಾಕತ್ತದ. ಮ್ಯಾಲಿನ ಚಹಾ ಯಾಕ ಅಲುಗವಲ್ದು?"

ಅವನು ಒಮ್ಮೆ ಕೆಮ್ಮಿದ. ಆಮೇಲೆ ಅವನು ಹೇಳಿದ: "ಅದಕ್ಕೇ ವಿಲಾಯತಿ ಅನ್ನೂದ್ರಿ ಅಕ್ಕಾರ. ಎಷ್ಟು ನಾಜೂಕು ಅಂದ್ರ ಓಡೂದು ಚಹಾಕ್ಕೂ ಗೊತ್ತಾಗಂಗಿಲ್ಲ."

ನಮ್ಮವರು ನನ್ನ ಕಡೆ ನೋಡಿದರು. ಅನುಮಾನ ಪರಿಹಾರವಾಯಿತಲ್ಲ ಎನ್ನುವ ಮುಖ.

"ಭಾಳ ಚಲೋ ಆತು. ಆ ಚಹಾ ಎತ್ತಿ ಒಂದು ಗುಟುಕು ಕುಡೀರಿ. ಆರಿ ಹೋಗತದ," ಅಂದೆ.

ಮಾತಿನ ಭರದಲ್ಲಿ ಅವನು ಕೈ ಚಾಚಿಯೇಬಿಟ್ಟ. ಗ್ಲಾಸ್ ಬರಲಿಲ್ಲ. ಇಡೀ ಎಂಜಿನ್ ನಡುವೆ ಸುಕ್ಕಾಯಿತು, ಆಮೇಲೆ ಮೇಲಿನ ಮೂಲೆ ಕಳಚಿ ಮಡಚಿಕೊಂಡಿತು. ಹಿಂದೆ ಗೋಡೆ ಕಾಣಿಸಿತು. ಅದು ಲಗ್ನ, ಹುಟ್ಟುಹಬ್ಬಕ್ಕೆ ಕಟ್ಟುತ್ತಾರಲ್ಲ, ಆ ಫ್ಲೆಕ್ಸ್ ಬ್ಯಾನರ್. ಚಹಾ ಸಮೇತ ಛಾಪಿಸಿದ್ದ. ಫೋನ್ ಕಟ್ಟಾಯಿತು.

ನಮ್ಮವರು ತಾಟಿನಲ್ಲಿ ಉಳಿದ ರೊಟ್ಟಿ ಮುಗಿಸಿದರು. ಕೈ ತೊಳೆದುಕೊಂಡು ಬಂದು ಒಂದೇ ಮಾತು ಹೇಳಿದರು.

"ಪ್ರಿಂಟ್ ಭಾಳ ಚಲೋ ಬಂದಿತ್ತು."

೪. ಸುಳ್ಳು ಬರದ ಉಸ್ತಾದ್

ಅಷ್ಟರಲ್ಲಿ ಆಷಾಢ ಬಂತು. ಖಾನಾವಳಿಯವರು ಎದುರಿಗೆ ಸಿಕ್ಕಾಗ "ಒಲಿ ಹತ್ತಿತೇನವ್ವ?" ಅಂತ ಕೇಳತೊಡಗಿದರು. ನಾನು ನಮ್ಮವರಿಗೆ ಹೇಳಿದೆ: "ಇನ್ನ ಎಂಜಿನ್ ಹುಡುಕೂದು ಬಿಡ್ರಿ. ಸುಳ್ಳು ಹೇಳದ ಒಬ್ಬ ಮನಷ್ಯಾನ್ನ ಹುಡುಕ್ರಿ."

ಮೂರು ತಾಲ್ಲೂಕಿನ ಮೆಕ್ಯಾನಿಕ್‌ಗಳೂ ಒಂದೇ ಹೆಸರು ಹೇಳಿದರು. ಜೇವರ್ಗಿಯಲ್ಲಿ ಬೇವಿನ ಗಿಡದ ಕೆಳಗೆ ಗ್ಯಾರೇಜ್ ಇಟ್ಟ ಒಬ್ಬ ಮುದಿ ಉಸ್ತಾದ್. ಜನ್ಮದಲ್ಲಿ ಸುಳ್ಳಾಡಿದವರಲ್ಲವಂತೆ. ಹೋದೆವು.

"ಎಂಜಿನ್ ಅದ ಏನ್ರಿ ಚಾಚಾ?"

"ಅದ ಬೇಟಾ. ತೊಗೋಬ್ಯಾಡ."

"ಯಾಕ್ರಿ?"

"ತಲಿ ಸೀಳ್ಯಾದ. ಎರಡು ಪಿಸ್ಟನ್ ಜಾಮ್ ಆಗ್ಯಾವ. ಎಣ್ಣಿ ಕುಡೀತದ. ಮ್ಯಾಲಾಗಿ ಅದು ನಿಂದು ಗಾಡೀದು ಅಲ್ಲೇ ಅಲ್ಲ."

"ಮತ್ತ ಅದನ್ನ ಯಾಕ ಇಟ್ಟೀರಿ ಚಾಚಾ?" ಅಂದೆ.

"ತೊಗೋಬ್ಯಾಡ ಅಂತ ಹೇಳಾಕ ಯಾರರೆ ಬರತಾರಲ್ಲ ಬೇಟಿ."

ಆಮೇಲೆ ಅವರೇ ದಾರಿ ತೋರಿಸಿದರು. ನಮಗೆ ಬೇಕಾದ ಜಾತಿಯದೇ ಒಂದು ಎಂಜಿನ್ನನ್ನು ಅವರು ನಲವತ್ತು ವರ್ಷದ ಹಿಂದೆ ತಮ್ಮ ಕೈಯಾರೆ ಒಂದು ಹಿಟ್ಟಿನ ಗಿರಣಿಗೆ ಕೂಡಿಸಿದ್ದರಂತೆ. ಇಜೇರಿಗೆ ಹೋಗುವ ದಾರಿಯ ಒಂದು ಹಳ್ಳಿ. ಗಿರಣಿಗೆ ಈಗ ಕರೆಂಟಿನ ಮೋಟಾರ್ ಬಂದಿದೆ, ಎಂಜಿನ್ ಖಾಲಿ ಕೂತಿದೆ. "ಎಂಜಿನ್ ಸೋನಾ ಅದ. ಆದ್ರ ಆ ಗಿರಣಿ ಅವ್ವ ಯಾರಿಗೂ ಕೊಡಂಗಿಲ್ಲ," ಅಂದರು.

ನಮಗೆ ಅಷ್ಟು ಸಾಕಾಗಿತ್ತು. ಆದರೆ ಉಸ್ತಾದರಿಗೆ ಖರೇ ಹೇಳುವುದು ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ಚಹಾ ಬಂತು. "ಕುಡೀಬ್ಯಾಡ, ನಿನ್ನಿ ಪುಡಿ," ಅಂದರು. ಒಬ್ಬ ಬೈಕ್ ತೋರಿಸಿ ಇದನ್ನು ಕೊಳ್ಳಲೇನು ಎಂದು ಕೇಳಿದ. "ನಕ್ಕೋ ರೇ. ಅದನ್ನ ರಿಪೇರಿ ಮಾಡಿದಾಂವ ನನ್ನ ಮಗ," ಅಂದರು. ಮಗ ಅಲ್ಲೇ ನಟ್ ಬಿಚ್ಚುವ ಪಾನಾ ಹಿಡಿದು ನಿಂತಿದ್ದ. ನಮ್ಮವರು ಕೂತ ಸ್ಟೂಲು ಮುರಿದು ಕೆಳಗೆ ಬಿದ್ದ ಮೇಲೆ, "ಅದರ ಕಾಲು ಲಡಕಾಸಿ ಅದ ಬೇಟಾ, ಹೇಳಬೇಕಂತಿದ್ದೆ," ಅಂದರು. ಅವರನ್ನು ಎತ್ತುತ್ತಾ ಅಂಗೈ ನೋಡಿದರು.

"ಮನಷ್ಯಾ ಭಾಳ ಚಲೋ. ಕೆಲಸ ಅಷ್ಟಕ್ಕಷ್ಟೇ."

ಆಮೇಲೆ ನನ್ನ ಕಡೆ ತಿರುಗಿದರು. "ಬೇಟಿ, ನಿಂದು ನಾಲಗಿ..."

"ಸಾಕ್ರಿ ಚಾಚಾ," ಅಂದೆ. "ನಮಗ ಭರೋಸಾ ಬಂತು."

೫. ಛತ್ತಿಲ್ಲದ ಮನೆ

ಗಿರಣಿ ಅವ್ವ ಎಪ್ಪತ್ತರ ಹತ್ತಿರದ ಹೆಂಗಸು. ಎಂಜಿನ್ ನೆರಳಿನಲ್ಲಿ ಇತ್ತು. ಅದರ ಮೈಮೇಲೆ ಒಂದು ಚೂರು ತುಕ್ಕಿಲ್ಲ. ಹಣೆಯಂತೆ ಕಾಣುವ ಕಡೆ ವಿಭೂತಿ, ಕುಂಕುಮ. ಕೆಲಸ ಇಲ್ಲದಿದ್ದರೂ ಸೋಮವಾರ ಸೋಮವಾರ ಅದನ್ನು ಸ್ವಲ್ಪ ಹೊತ್ತು ಓಡಿಸುತ್ತಿದ್ದಳು, ಕೆಲಸ ಹೋಯಿತೆಂದು ಅದು ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು. ನಮಗಾಗಿ ಚಾಲೂ ಮಾಡಿದಳು. ನೆಲ ನಡುಗಿತು. ನಮ್ಮವರ ಕಣ್ಣಲ್ಲಿ ನೀರು ಬಂತು.

"ಮಾರಂಗಿಲ್ಲ," ಅಂದಳು.

ನಾವು ಎದ್ದು ನಿಂತೆವು.

"ಕೂಡ್ರಿ. ಮಾರೂದು ಬ್ಯಾರೆ, ಕೊಡೂದು ಬ್ಯಾರೆ. ಇದು ನಮ್ಮನಿ ಮಗಳು. ಇದರ ದುಡಿಮ್ಯಾಗ ನಾ ಮೂರು ಮಕ್ಕಳನ್ನ ಸಾಲಿ ಓದಿಸೇನಿ. ಯಾರಿಗರೆ ಕೊಡಬೇಕಂದ್ರ ಮೊದಲ ಮನಿ ನೋಡಬೇಕು."

ಅಷ್ಟು ದಿನ ಭರೋಸಾದವರು ಸಿಗುತ್ತಾರೋ ಎಂದು ನಾವು ತಿರುಗಿದ್ದೆವು. ಈಗ ನಾವು ಭರೋಸಾದವರು ಹೌದೋ ಅಲ್ಲವೋ ಅಂತ ನೋಡುವವರು ಬಂದರು. ಬುಧವಾರ ಒಂದು ಟಂಟಂ ಆಟೋ ತುಂಬ ಹೆಂಗಸರು ನಮ್ಮ ಬಾಗಿಲಿಗೆ ಇಳಿದರು. ಗಂಡಿನ ಕಡೆಯವರಾಗಿ ಸಾವ್ಕಾರರು ರುಮಾಲು ಸುತ್ತಿಕೊಂಡು ಇಜೇರಿಯಿಂದ ಬಂದಿದ್ದರು. ಶೆಡ್ಡಿನಲ್ಲಿ ಕಾರಿನ ಎದುರು ಜಮಖಾನೆ ಹಾಸಿ ಎಲ್ಲರಿಗೂ ಮಂಡಕ್ಕಿ ಸುಸಲಾ, ಚಹಾ ಕೊಟ್ಟೆ. ಗಿರಣಿ ಅವ್ವ ಪ್ಲೇಟು ಮುಟ್ಟಲಿಲ್ಲ. ಮಾತು ಮುಗಿಯುವ ತನಕ ಹೆಣ್ಣಿನವರು ಮುಟ್ಟುವುದಿಲ್ಲ.

"ದಿನಾ ಎಷ್ಟು ತಾಸು ದುಡಸ್ತೀರಿ?"

"ದುಡಸೂದೇ ಇಲ್ಲರಿ ಯವ್ವಾ," ಅಂದರು ಸಾವ್ಕಾರರು ಹೆಮ್ಮೆಯಿಂದ. "ಹಬ್ಬಕ್ಕೊಮ್ಮೆ ಹೊರಗ ತೆಗೀತೇವಿ."

ಅವ್ವನ ಮುಖ ಸಣ್ಣದಾಯಿತು. "ಏನೂ ಕೆಲಸಿಲ್ಲದ ಮನಿ ಏನ್ರಿ ಹಂಗಾದ್ರ?"

"ಕುಡ್ಯಾಕ ಏನ್ ಹಾಕ್ತೀರಿ?" ಅಂದಳು ಜೊತೆಯವಳು. "ನಮ್ಮಲ್ಲಿ ಪೆಟ್ರೋಲಿಲೆ ಚಾಲೂ ಮಾಡಿ ಸೀಮಿಎಣ್ಣಿ ಮ್ಯಾಲ ಓಡಸ್ತಿದ್ವಿ."

"ಬರೇ ಪೆಟ್ರೋಲ್."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಉಣ್ಣುವುದಕ್ಕೆ ಕಡಿಮೆ ಇಲ್ಲ ಎಂಬಷ್ಟು ಸಮಾಧಾನವಾಯಿತು. ಅವ್ವ ಎದ್ದು ಕಾರನ್ನು ಒಂದು ಸುತ್ತು ಹಾಕಿದಳು. ಬಾಗಿಲು ತಟ್ಟಿದಳು, ಸೀಟು ಒತ್ತಿದಳು. ಆಮೇಲೆ ಮೇಲೆ ನೋಡಿದಳು.

"ಛತ್ತೇ ಇಲ್ಲಲ್ಲ."

"ಅದು ಇರೂದೇ ಹಂಗ್ರಿ. ಸ್ಪೋರ್ಟ್ಸ್ ಗಾಡಿ."

"ಏನರೆ ಇರಲಿ. ಛತ್ತಿಲ್ಲದ ಮನೀಗೆ ನಾ ಹೆಣ್ಣು ಕೊಡಂಗಿಲ್ಲ." ಸೆರಗು ಸರಿಮಾಡಿಕೊಂಡು ಟಂಟಂ ಕಡೆ ನಡೆದಳು.

ಶ್ರಾವಣಕ್ಕೆ ಇನ್ನು ಹದಿನೆಂಟು ದಿನ. ನಾನು ಅವಳ ಹಿಂದೆ ಓಡಿದೆ. "ಯವ್ವಾ, ಭಾನುವಾರ ಇನ್ನೊಮ್ಮೆ ಬರ್ರಿ. ಛತ್ತು ಹಾಕಸ್ತೇವಿ. ನಾ ಜಬಾಬ್ದಾರಿ."

ರಾಶಿ ಮುಚ್ಚುವ ತಾಡಪತ್ರಿ ಮನೆಯಲ್ಲಿತ್ತು. ನೀಲಿ, ಹಳದಿ. ಚೀಲ ಹೊಲಿಯುವ ದಬ್ಬಣ ತೆಗೆದುಕೊಂಡು ಮೂರು ದಿನ ಕೂತು ಹೊಲಿದೆ. ವಿಲಾಯತಿ ಕಾರಿನ ಮೇಲೆ ತಾಡಪತ್ರಿ ನೋಡಿ ಸಾವ್ಕಾರರು ಗೋಡೆಗೆ ಕೈಕೊಟ್ಟು ನಿಂತರು. ಭಾನುವಾರ ಅವ್ವ ಬಂದಳು. ಒಳಗೆ ಕೂತು, ಹೊರಗಿನಿಂದ ಎರಡು ಕೊಡ ನೀರು ಸುರಿಸಿಕೊಂಡಳು. ತಲೆ ಮುಟ್ಟಿ ನೋಡಿಕೊಂಡಳು. ಇಳಿದು ಬಂದು ಸುಸಲಾದ ಪ್ಲೇಟ್ ಎತ್ತಿಕೊಂಡಳು.

ಸಾವ್ಕಾರರು ಉಸಿರು ಬಿಟ್ಟರು. "ನನ್ನ ಸ್ವಂತ ಮಗಳ ಲಗ್ನದಾಗೂ ನಾ ಇಷ್ಟು ಬಗ್ಗಿದ್ದಿಲ್ಲವ್ವ."

೬. ಉಡಿ ಮತ್ತು ಖಾರ

ಎಂಜಿನ್ನಿಗೆ ಬದಲಾಗಿ ಅವ್ವ ಕೇಳಿದ್ದು ಒಂದು ಇಳಕಲ್ ಸೀರೆ ಮತ್ತು ಒಂದು ಮಾತು: ಪಂಚಮಿಗೆ ಮಗಳನ್ನು ತವರಿಗೆ ಕಳಿಸಬೇಕು. "ಆತು ಆತು," ಅಂದರು ಸಾವ್ಕಾರರು. ಬಾಯಿ ಮಾತು ಅಂದುಕೊಂಡಿದ್ದರು.

ಬರಿಗೈಲಿ ಹೆಣ್ಣನ್ನು ಕಳಿಸುವುದುಂಟೇ? ಉಡಿ ತುಂಬಬೇಕು ಅಂದರು ಹೆಂಗಸರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಖಣ ಎಲ್ಲ ತಯಾರಿತ್ತು. ಎಂಜಿನ್ನಿಗೆ ಉಡಿ ಎಲ್ಲಿ ಎಂಬುದೇ ಚರ್ಚೆಯಾಯಿತು. ನಮ್ಮವರು ಗಿರಣಿಯಲ್ಲಿ ಬೋಲ್ಟ್ ಬಿಚ್ಚುತ್ತಾ ಎಂಜಿನ್ ಕೆಳಗೆ ಮಲಗಿದ್ದರು. ಮೇಲೆ ಬಾಯಿ ತೆರೆದ ಒಂದು ಜಾಗ ಹೆಂಗಸರಿಗೆ ಕಂಡಿತು. ಐದು ಜನ ಮುತ್ತೈದೆಯರು ಐದೈದು ಹಿಡಿ ಅಕ್ಕಿ ಅಲ್ಲೇ ಹಾಕಿ ಅರಿಷಿಣ ಕುಂಕುಮ ಏರಿಸಿದರು. ಅದು ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ. ನಮ್ಮವರು ಎರಡು ದಿನ ಚಿಮಟದಿಂದ ಅಕ್ಕಿ ಆರಿಸಿದರು. ಮೂರನೆಯ ದಿನ ಎಂಜಿನ್ ಒಳಗಿನಿಂದ ಅರಿಷಿಣ ಕೊಂಬು ಸಿಕ್ಕಿತು.

ಕೂಡಿಸುವುದಕ್ಕೆ ಒಂದು ವಾರ. ಆಷಾಢದ ಕೊನೆಯ ದಿನ ಸಾವ್ಕಾರರು ಗರಿಗರಿ ಬಿಳಿ ಧೋತ್ರ ಉಟ್ಟು ಬಂದರು. ಓಣಿಯೆಲ್ಲ ನೆರೆಯಿತು. ನಮ್ಮವರು ಕೀಲಿ ತಿರುವಿದರು. ಎಂಜಿನ್ ಎರಡು ಸಲ ಕೆಮ್ಮಿತು. ಮೊದಲು ಬಿಳಿ ಮೋಡ ಬಂತು. ಆಮೇಲೆ ಕೆಂಪು ಮೋಡ ಬಂತು.

ನಲವತ್ತು ವರ್ಷ ಗಿರಣಿಯಲ್ಲಿ ದುಡಿದ ಎಂಜಿನ್. ಸಂದಿಗೊಂದಿಯಲ್ಲೆಲ್ಲ ಹಿಟ್ಟು ಕೂತಿತ್ತು, ಹಿಟ್ಟಿನ ಹಿಂದೆ ಖಾರದ ಪುಡಿ ಕೂತಿತ್ತು. ಓಣಿಗೆ ಓಣಿಯೇ ಸೀನಿತು. ಸಾವ್ಕಾರರು ಎರಡೂ ಕಣ್ಣಲ್ಲಿ ನೀರು ಸುರಿಸುತ್ತಾ ಕತ್ತಲಲ್ಲಿ ತಡಕಾಡುವವರಂತೆ ಕೈ ಚಾಚಿ ಕೇಳಿದರು: "ತಮ್ಮಾ, ಎಂಜಿನ್ ಹೆಂಗದ?"

ನಮ್ಮವರು ಇನ್ನೂ ಸೀನುತ್ತಲೇ ಇದ್ದರು. ಪಕ್ಕದ ಮನೆಯ ಕಾಕು ಮೂಗೇರಿಸಿ ಒಮ್ಮೆ ವಾಸನೆ ಎಳೆದಳು.

"ಬ್ಯಾಡಗಿ ಅಲ್ಲ," ಅಂದಳು. "ಗುಂಟೂರದ್ದು. ಕೊತ್ತಂಬರಿ ಬೀಜ ಜರಾ ಹೆಚ್ಚಾಗ್ಯಾದ."

೭. ತವರಿಗೆ ಬಂದ ಮಗಳು

ಕಾರು ತನ್ನ ಎಂಜಿನ್ ಮೇಲೆ ನನ್ನ ಶೆಡ್ಡಿನಿಂದ ಹೊರಗೆ ಹೋಯಿತು. ಶ್ರಾವಣದ ಮೊದಲ ದಿನ ನಾನು ಒಲೆ ಹಚ್ಚಿದೆ. ಮೊದಲ ನಾಲ್ಕು ದಿನ ರೊಟ್ಟಿಯಲ್ಲಿ ಸ್ವಲ್ಪ ಪೆಟ್ರೋಲ್ ವಾಸನೆ ಇತ್ತು ಅಂತ ಖಾನಾವಳಿಯವರು ಹೇಳಿದರು, ವಾಪಸ್ ಮಾತ್ರ ಕಳಿಸಲಿಲ್ಲ.

ಪಂಚಮಿಯ ದಿನ ಮುಂಜಾನೆ ನಮ್ಮವರು ಇಜೇರಿಯಲ್ಲಿದ್ದರು. ಬೀಗರ ಮುಂದೆ ಗಾಡಿ ಕೆಟ್ಟರೆ ಎಂದು ಸಾವ್ಕಾರರು ಕರೆಸಿಕೊಂಡಿದ್ದರು. ಬೀಗರು ಬಾನೆಟ್ ಎತ್ತಿ ನೋಡಿ, ಎಂಜಿನ್ ಖರೇ ಇದ್ದದ್ದಕ್ಕೆ ಬೇಸರಪಟ್ಟುಕೊಂಡು, "ಏನರೆ ಆಗಲಿ, ನಮ್ಮ ಗಾಡಿಯಷ್ಟು ಉಪಯೋಗ ಇಲ್ಲ ಬಿಡ್ರಿ," ಅಂದರಂತೆ. ಅದೇ ಹೊತ್ತಿಗೆ ಗಿರಣಿ ಅವ್ವನ ಮಗ ಶೇಂಗಾ ಉಂಡಿ, ಎಳ್ಳುಂಡಿಯ ಬುಟ್ಟಿ ಹೊತ್ತು ಅಂಗಳಕ್ಕೆ ಬಂದ. "ತಂಗೀನ್ನ ಕರಕೊಂಡು ಹೋಗಾಕ ಬಂದೇನ್ರಿ."

ಸಾವ್ಕಾರರು ನಗಲು ನೋಡಿದರು. ಆದರೆ ಅವರ ಸ್ವಂತ ಮಗಳು ಜೋಕಾಲಿಯಿಂದ ಇಳಿದು ಬಂದಿದ್ದಳು.

"ಅಪ್ಪಾ, ನನ್ನ ಕಳಸಂಗಿಲ್ಲಂತ ಸೊಲ್ಲಾಪುರದಿಂದ ಹೇಳಿ ಕಳಿಸಿದ್ರ ನೀ ಸುಮ್ಮ ಇರ್ತಿದ್ದೇನು?"

ಬೀಗರ ಎದುರು ಸಾವ್ಕಾರರು ಹೂಂ ಅಂದರು. ಊಟವಾದ ಮೇಲೆ ಕಾರು ಹೊರಟಿತು. ತಮ್ಮನ್ನು ಬಿಟ್ಟು ಯಾರೂ ಸ್ಟೇರಿಂಗ್ ಹಿಡಿಯಬಾರದು, ಯಾರೂ ಆ ಸೀಟಿನಲ್ಲಿ ಕೂಡಬಾರದು ಎಂದು ಸಾವ್ಕಾರರು ಊರಿಗೆಲ್ಲ ಹೇಳಿಟ್ಟಿದ್ದರು. ತಾವೇ ನಡೆಸಿದರು. ಪಕ್ಕದಲ್ಲಿ ಬೀಗರು. ಹಿಂದೆ ನಮ್ಮವರು ಬೈಕಿನ ಮೇಲೆ. ನನಗೆ ಮುಂಜಾನೆಯೇ ಅವರಿಂದ ಫೋನ್ ಬಂದಿತ್ತು. ಇಂಥದ್ದನ್ನು ನೋಡದಿದ್ದರೆ ಹೇಗೆ? ಹೇಗೂ ರೊಟ್ಟಿಗೆ ಹಿಟ್ಟು ಬೇಕಿತ್ತು, ಆ ಗಿರಣಿಯ ಕಲ್ಲು ಚಲೋ. ಒಂದು ಡಬ್ಬಿ ಜೋಳ ಹಿಡಿದು ಬಸ್ ಹತ್ತಿದೆ.

ನಾನು ಹೋಗುವ ಹೊತ್ತಿಗೆ ಕಾರೂ ಬಂದು ನಿಂತಿತ್ತು. ಗಿರಣಿ ಮುಂದೆ ಹೆಂಗಸರ ಸಾಲು, ಸಾಲಿನ ತುಂಬ ಡಬ್ಬಿ. ಊರಿನ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟು ನಾಲ್ಕು ದಿನವಾಗಿತ್ತು. ಕರೆಂಟಿಲ್ಲ, ಮೋಟಾರಿಲ್ಲ, ಹಬ್ಬದ ದಿನ ಯಾರ ಮನೆಯಲ್ಲೂ ಹಿಟ್ಟಿಲ್ಲ. ಅವ್ವ ಆರತಿ ಬೆಳಗಿದಳು. ಬಾನೆಟ್ ಎತ್ತಿಸಿ ಒಳಗೆ ನೋಡಿದಳು.

"ಸೊರಗ್ಯಾಳ," ಅಂದಳು. ಆಮೇಲೆ ಮಗನ ಕಡೆ ತಿರುಗಿದಳು. "ಪಟ್ಟಾ ತಾ."

ಸಾವ್ಕಾರರು ಸೀಟಿನಿಂದ ಏಳುವುದರೊಳಗೆ ಕಾರಿನ ಹಿಂದಿನ ಒಂದು ಗಾಲಿ ಜಾಕ್ ಮೇಲೆ ಎದ್ದಿತ್ತು. ಟೈರ್ ಬಿಚ್ಚಿದರು. ಬರೀ ರಿಮ್ಮಿಗೆ ಗಿರಣಿಯ ಕಲ್ಲು ತಿರುಗಿಸುವ ಬೆಲ್ಟನ್ನು, ಆ ಹಳೆಯ ಪಟ್ಟಾವನ್ನು, ಏರಿಸಿದರು. ಇದನ್ನೆಲ್ಲ ಮಾಡಿದವರಲ್ಲಿ ನಮ್ಮವರೂ ಇದ್ದರು. ಯಾರು ಪಾನಾ ಕೇಳಿದರೂ ಕೊಡುವುದು ಅವರ ಸ್ವಭಾವ.

"ಏನ್ ಮಾಡಾಕತ್ತೀರಿ ಯವ್ವಾ?"

"ತವರಿಗೆ ಬಂದ ಮಗಳು ಅವ್ವಗ ಕೆಲಸದಾಗ ಜರಾ ಕೈ ಹಚ್ಚಂಗಿಲ್ಲೇನ್ರಿ? ಗೇರ್ ಹಾಕ್ರಿ. ಕಾಲು ಒತ್ತಿ ಹಿಡೀರಿ. ನಿಮಗ ಬ್ಯಾಸರಾದ್ರ ಬ್ಯಾರೆ ಯಾರನ್ನರೆ ಆ ಸೀಟಿನಾಗ ಕೂಡಸ್ತೇವಿ."

"ಬ್ಯಾರೆಯವರು ಬ್ಯಾಡ," ಅಂದರು ಸಾವ್ಕಾರರು. ತಾವೇ ಒತ್ತಿದರು.

ಕಲ್ಲು ತಿರುಗಿತು. ಹಿಟ್ಟು ಉದುರಿತು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಕೈಕಟ್ಟಿ ನಗುತ್ತಿದ್ದ ಬೀಗರ ಕೈಗೆ ಅವ್ವ ಒಂದು ಪುಟ್ಟಿ ಕೊಟ್ಟು, "ಬೀಗರು ಸುಮ್ಮ ನಿಂತ್ರ ಚಂದ ಕಾಣಂಗಿಲ್ಲ, ಮ್ಯಾಲಿಂದ ಜೋಳ ಬಿಡ್ರಿ," ಅಂದಳು. ಒಂದು ತಾಸಿನಲ್ಲಿ ಬೀಗರ ಹುಬ್ಬು, ಮೀಸೆ, ಸೊಲ್ಲಾಪುರದ ಅಂಗಿ ಎಲ್ಲ ಬೆಳ್ಳಗಾದವು. ಆಗ ಅವರು ಸೋತ ದನಿಯಲ್ಲಿ ಒಂದು ಮಾತು ಹೇಳಿದರು.

"ನಮ್ಮ ಗಾಡಿ ಹಿಟ್ಟು ಬೀಸಂಗಿಲ್ಲ ನೋಡ್ರಿ ಬೀಗರ."

ಸಾವ್ಕಾರರು ಯುಗಾದಿಯಿಂದ ಕಾದದ್ದು ಇದೇ ಮಾತಿಗೆ. ಎದೆ ಉಬ್ಬಿಸಿ ಇನ್ನೊಂದು ತಾಸು ಒತ್ತಿದರು. ಆಮೇಲೆ ಕಾಲು ನೋಯತೊಡಗಿತು. ಹಿಂದೆ ತಿರುಗಿ ಸಾಲು ನೋಡಿದರು. ಸುದ್ದಿ ಕೇಳಿ ಪಕ್ಕದ ಊರಿನವರೂ ಡಬ್ಬಿ ಹೊತ್ತು ಬರುತ್ತಿದ್ದರು.

"ಇನ್ನ ಹೊಂಡತೇವ್ರಿ ಯವ್ವಾ."

"ಹೊಂಡೂದೇನು? ಮಗಳು ತವರಿಗೆ ಬಂದ್ರ ಐದು ದಿನ ಇರಬೇಕು. ಅಷ್ಟ್ರಾಗ ಟಿಸೀನೂ ಬರತದ. ನೀವು ಹೋಗೂದಿದ್ರ ಹೋಗ್ರಿ, ಸೀಟಿನಾಗ ನಮ್ಮ ಮಗ ಕೂಡತಾನ."

ಸಾವ್ಕಾರರಿಗೆ ಏಳಲೂ ಆಗಲಿಲ್ಲ, ಕೂಡಲೂ ಆಗಲಿಲ್ಲ. ಅಷ್ಟರಲ್ಲಿ ನನ್ನ ಪಾಳಿ ಬಂತು. ಬೀಗರು ನನ್ನ ಡಬ್ಬಿಯ ಜೋಳ ಕಲ್ಲಿಗೆ ಬಿಟ್ಟರು. ಸಾವ್ಕಾರರು ತಾಡಪತ್ರಿಯ ಕೆಳಗಿನಿಂದ ನನ್ನನ್ನು ಕಂಡರು.

"ನೀ ಆದ್ರೂ ಹೇಳವ್ವ ಈಕೀಗಿ. ನೀ ಜಬಾಬ್ದಾರಿ ಅಂದಾಕಿ. ನಾ ಮನೀಗಿ ಯಾವಾಗ ಹೋಗಲಿ?"

ನಾನು ಬಗ್ಗಿ ಒಂದು ಚಿಟಿಕೆ ಹಿಟ್ಟು ತೆಗೆದುಕೊಂಡು ಬೆರಳಲ್ಲಿ ತಿಕ್ಕಿ ನೋಡಿದೆ.

"ಜರಾ ಒತ್ತಿ ಹಿಡೀರಿ ಸಾವ್ಕಾರ್ರ," ಅಂದೆ. "ಹಿಟ್ಟು ದಪ್ಪ ಬೀಳಾಕತ್ತದ."